ಮಳೆಗೆ ಮೊದಲೇ ಚಿಗುರು

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಚೈತ್ರದ ಒಂದು ಸಂಜೆ ಆಡಿದ ಮಾತುಗಳು. ರಾಮನವಮಿ ಮುಗಿದು ಎರಡು ದಿನವಾಗಿತ್ತು, ಹುಣ್ಣಿಮೆ ಇನ್ನೂ ಬಂದಿರಲಿಲ್ಲ. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದು ಕಮ್ಮಿ, ಬಾಯಿಗೆ ಬಂದಿದ್ದು ಜಾಸ್ತಿ. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸರಿಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕರೆಯೋಲೆ ಕೈಗೆ ಬಂದಾಗ ಮೊದಲು ನಗು ಬಂತು. ‘ವಸಂತದ ಬಗ್ಗೆ ನಾಲ್ಕು ಮಾತು’ ಅಂತ ಮೇಲೆ ಬರೆದು, ಕೆಳಗೆ ಟ್ಯುಲಿಪ್ ಹೂವಿನ ಚಿತ್ರ ಹಾಕಿದ್ದೀರಿ. ಚಿತ್ರ ಹಾಕಿದ ಹುಡುಗ ಎರಡನೇ ಸಾಲಿನಲ್ಲೇ ಕೂತಿದ್ದಾನೆ. ಬೇಜಾರು ಮಾಡ್ಕೋಬೇಡಪ್ಪ. ಹಿಮ ಕರಗಿ, ಜನ ಕೋಟು ಬಿಚ್ಚಿಟ್ಟು ಬಿಸಿಲಿಗೆ ಬಂದು ಕೂರುವ ವಸಂತ ಬೇರೆ ಊರಿನವರದು. ನಮ್ಮದು ಕೆರೆ ಬತ್ತುವ ವಸಂತ. ಧೂಳು, ಬೆವರು, ಟ್ಯಾಂಕರ್ ನೀರು, ಪರೀಕ್ಷೆಗೆ ಓದುವ ಮಕ್ಕಳು, ಸರಿಯಾಗಿ ಮಧ್ಯಾಹ್ನ ಎರಡಕ್ಕೆ ಹೋಗುವ ಕರೆಂಟು. ಚೈತ್ರ, ವೈಶಾಖ ಅಂದರೆ ವಸಂತ ಋತು ಅಂತ ಪಂಚಾಂಗದಲ್ಲಿದೆ. ಮೈಗೆ ಮಾತ್ರ ಅದು ಬೇಸಿಗೆ.

ಹಾಗಿದ್ದರೂ ನಮಗೆ ಹೊಸ ವರ್ಷ ಶುರುವಾಗುವುದು ಇದೇ ಹೊತ್ತಲ್ಲಿ. ಇದು ನನಗೆ ಚಿಕ್ಕಂದಿನಿಂದ ಇದ್ದ ಅನುಮಾನ. ಮಳೆ ಬಿದ್ದು ನೆಲ ಹಸಿರಾದ ಮೇಲೆ ವರ್ಷ ಶುರು ಮಾಡಬಹುದಿತ್ತಲ್ವಾ? ಇಲ್ಲಾ ಸುಗ್ಗಿ ಮುಗಿದು ಕಣಜ ತುಂಬಿದಾಗ? ಬಾವಿಯ ತಳ ಕಾಣುವ ತಿಂಗಳೇ ಯಾಕೆ ಬೇಕಿತ್ತು? ಇನ್ನು ಈ ವರ್ಷದ ಹೆಸರು ಕೇಳಿದರಂತೂ ಮುಗಿದೇ ಹೋಯಿತು: ಪರಾಭವ ಸಂವತ್ಸರ. ಹೆಸರಲ್ಲೇ ಸೋಲು! ಆದರೂ ಬೆಳಿಗ್ಗೆ ಎದ್ದು ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಬೇವು ಬೆಲ್ಲ ತಿಂದೆವು.

ನನ್ನ ಅನುಮಾನಕ್ಕೆ ಅರ್ಧ ಉತ್ತರ ಸಿಕ್ಕಿದ್ದು ಮನೆ ಮುಂದಿನ ಹೊಂಗೆ ಮರದಿಂದ, ಅದೂ ನಿವೃತ್ತಿಯಾದ ಮೇಲೆ. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು ನಾನು. ಪಾಠ ಮಾಡುವಾಗ ಮರ ನೋಡೋಕೆ ಪುರುಸೊತ್ತು ಎಲ್ಲಿತ್ತು ಹೇಳಿ.

ನಮ್ಮ ಬೀದಿಯ ಹೊಂಗೆ ಫೆಬ್ರವರಿಯಲ್ಲಿ ಎಲೆ ಉದುರಿಸುತ್ತದೆ. ಉದುರಿಸುತ್ತದೆ ಅನ್ನುವುದು ಸಣ್ಣ ಮಾತು, ಸುರಿಯುತ್ತದೆ. ಬೀದಿ ಗುಡಿಸುವ ಅಮ್ಮ ಬೆಳಿಗ್ಗೆ ಆರಕ್ಕೆ ಗುಡಿಸಿ, ಗುಡ್ಡೆ ಮಾಡಿ, ಹಿಂದೆ ತಿರುಗಿ ನೋಡಿದರೆ ಮತ್ತೆ ಅಷ್ಟೇ ಬಿದ್ದಿರುತ್ತದೆ. “ನಿಮ್ ಮರ ನನ್ ಸೊಂಟ ಮುರೀತದೆ ಸಾರ್” ಅಂತಾರೆ. ಮರ ಪಾಲಿಕೆಯದು, ಬೈಗುಳ ಮಾತ್ರ ನನಗೆ. ನಾನೂ ಸುಮ್ನೆ ಇರದೆ ಒಂದು ಪೊರಕೆ ಹಿಡಿದು ನಮ್ಮ ಗೇಟಿನ ಮುಂದಿನದನ್ನು ಗುಡಿಸಿಕೊಡುತ್ತೇನೆ. ಆ ಒಂದು ತಿಂಗಳು ನಮ್ಮಿಬ್ಬರದೂ ಒಳ್ಳೆ ಮಾತುಕತೆ. ಅವರ ಮಗಳು ನರ್ಸಿಂಗ್ ಓದುತ್ತಿರುವುದು, ಅಳಿಯನ ಗಾಡಿ ರಿಪೇರಿ, ಎಲ್ಲಾ ಗೊತ್ತಾಗಿದ್ದು ಎಲೆ ಉದುರುವ ಕಾಲದಲ್ಲೇ.

2024ರ ಬೇಸಿಗೆ ನಿಮಗೆಲ್ಲ ನೆನಪಿರಬೇಕು. ಹಿಂದಿನ ವರ್ಷ ಮುಂಗಾರು ಕೈಕೊಟ್ಟಿತ್ತು. ಮಾರ್ಚ್‌ನಲ್ಲಿ ಜಲಮಂಡಳಿಯವರು, ಕುಡಿಯುವ ನೀರಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂದರು. ಬೆಂಗಳೂರಿನ ಸುಮಾರು 14 ಸಾವಿರ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಅಂತ ಸರ್ಕಾರವೇ ಹೇಳಿತು. ಏಪ್ರಿಲ್ ಪೂರ್ತಿ ನಗರಕ್ಕೆ ಲೆಕ್ಕಕ್ಕೆ ಸಿಗುವಂಥ ಒಂದು ಮಳೆ ಬರಲಿಲ್ಲ. ಆ ಮಾರ್ಚ್‌ನಲ್ಲಿ ಬೋಳಾಗಿ ನಿಂತ ಹೊಂಗೆಯನ್ನು ನೋಡಿ, ಈ ಸಲ ಇದರ ಕಥೆ ಮುಗೀತು ಅಂದುಕೊಂಡೆ. ಬಕೆಟ್ ನೀರು ಹಾಕೋಣ ಅಂದರೆ ಮನೆಗೇ ನೀರಿಲ್ಲ. ಪಾತ್ರೆ ತೊಳೆದ ನೀರನ್ನು ಬುಡಕ್ಕೆ ಹಾಕಿದೆ. ದೊಡ್ಡ ಮರಕ್ಕೆ ಅದು ಯಾವ ಮೂಲೆಗೆ?

ಹತ್ತು ಹನ್ನೆರಡು ದಿನ ಕಳೆದಿರಬೇಕು. ಬೆಳಿಗ್ಗೆ ಹಾಲು ತರೋಕೆ ಹೋದವನು ಹಾಗೇ ನಿಂತುಬಿಟ್ಟೆ. ಕೊಂಬೆಯ ತುದಿಯಲ್ಲೆಲ್ಲ ಎಳೆ ಹಸಿರು. ಎಣ್ಣೆ ಸವರಿದ ಹಾಗೆ ಮಿಂಚುವ ಎಲೆ, ಹುಟ್ಟಿದ ಮಗುವಿನ ಕಿವಿಯಷ್ಟು ಮೆತ್ತಗೆ. ಇನ್ನೂ ಪೂರ್ತಿ ಬಿಚ್ಚಿಕೊಂಡಿಲ್ಲ, ಕೆಳಮುಖವಾಗಿ ಜೋತುಬಿದ್ದಿದೆ. ಬಿಸಿಲು ಅದನ್ನು ತೂರಿಕೊಂಡು ಬಂದು ಎದುರು ಮನೆಯ ಗೋಡೆಗೂ ಹಸಿರು ಬಳಿದಿತ್ತು. ಒಂದು ಹನಿ ಮಳೆ ಬಿದ್ದಿಲ್ಲ!

ಕಾಲೇಜಿನಲ್ಲಿ ಒಬ್ಬ ಹುಡುಗ ಹಿಂದೊಮ್ಮೆ ಕೇಳಿದ್ದ, “ನೀರಿಲ್ದೆ ಹೆಂಗ್ ಸಾರ್ ಚಿಗುರುತ್ತೆ?” ಅಂತ. ಆಗ ಪುಸ್ತಕದಲ್ಲಿದ್ದಷ್ಟು ಹೇಳಿ ಕಳಿಸಿದ್ದೆ. ವಿಷಯ ಹೀಗಿದೆ. ಎಲೆ ಅನ್ನುವುದು ನೀರು ಸೋರುವ ಜಾಗ. ಹಳೆಯ ಎಲೆಗಳನ್ನು ಉದುರಿಸಿದ ಕೂಡಲೇ ಸೋರುವುದು ನಿಲ್ಲುತ್ತದೆ. ಬೇರು ಆಳದಿಂದ ಎಳೆದುಕೊಂಡ ನೀರು ಕಾಂಡದಲ್ಲಿ, ಕೊಂಬೆಯಲ್ಲಿ ತುಂಬಿಕೊಳ್ಳುತ್ತದೆ. ಬೋಳಾಗಿ ಸತ್ತ ಹಾಗೆ ಕಾಣುವ ಆ ದಿನಗಳಲ್ಲೇ ಮರ ಒಳಗೆ ನೀರು ಕೂಡಿಡುತ್ತಿರುತ್ತದೆ. ಜೊತೆಗೆ ಹಗಲು ಉದ್ದವಾಗುವುದು ಎಷ್ಟೋ ಮರಗಳಿಗೆ ತಿಳಿಯುತ್ತದೆ. ಕೂಡಿಟ್ಟ ನೀರಿನಿಂದ ಮೊಗ್ಗು ಬಿಚ್ಚುತ್ತದೆ. ಹೊಂಗೆ, ಅಶ್ವತ್ಥ, ಬೇವು, ಬಸರಿ, ನಮ್ಮ ಬಯಲುಸೀಮೆಯ ಹೆಚ್ಚಿನ ಮರಗಳ ದಾರಿ ಇದೇ. ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಎಲೆ ಬಲಿತು ಕೆಲಸಕ್ಕೆ ತಯಾರಾಗಿರುತ್ತದೆ. ಮಳೆ ಬಂದ ಮೇಲೆ ಚಿಗುರುತ್ತೇನೆ ಅಂತ ಕಾದರೆ ಒಂದು ತಿಂಗಳು ದಂಡ. ಎಳೆ ಎಲೆಗೆ ಬಾಯಿ ಹಾಕುವ ಹುಳಗಳೂ ಮಳೆ ಜೊತೆಗೇ ಬರುತ್ತವೆ.

ಎಲ್ಲ ಗಿಡದ ಸ್ವಭಾವ ಒಂದೇ ಅಲ್ಲ, ಅದನ್ನೂ ಹೇಳಿಬಿಡಬೇಕು. ಕೊಡಗಿನ, ಚಿಕ್ಕಮಗಳೂರಿನ ಕಾಫಿ ಗಿಡವನ್ನು ನೋಡಿ. ಮೊಗ್ಗು ಕಟ್ಟಿಕೊಂಡು ಕಾಯುತ್ತಾ ಕೂರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚು ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಬೀಳದಿದ್ದರೆ ಬೆಳೆಗಾರರಿಗೆ ನಿದ್ದೆ ಇಲ್ಲ, ಪಂಪ್ ಹಚ್ಚಿ ನೀರು ಚಿಮುಕಿಸುತ್ತಾರೆ. ಕಾಫಿ ಕೈಗೆ ಕಾಸು ಬಂದ ಮೇಲೆ ಮದುವೆ ಅನ್ನುವವರ ಹಾಗೆ. ಹೊಂಗೆ ಸಾಲ ಮಾಡಿ ಚಪ್ಪರ ಹಾಕುವವರ ಹಾಗೆ.

ಮರಕ್ಕೆ ನಂಬಿಕೆ ಇದೆ ಅಂತ ಹೇಳಿದರೆ ನನ್ನ ಹಳೇ ಸಹೋದ್ಯೋಗಿಗಳು ನಗುತ್ತಾರೆ. ನಾನೂ ಹಾಗೆ ಹೇಳಲ್ಲ. ಆದರೆ ಆ ಮರದ ಕೆಳಗೆ ಸಾವಿರಾರು ವರ್ಷ ಬದುಕಿದ ಜನ ಅದನ್ನು ನೋಡಿಲ್ಲದೆ ಇರುತ್ತಾರಾ? ಇದೇ ತಿಂಗಳಲ್ಲಿ ಅವರು ಮಾಡುತ್ತಾ ಬಂದ ಕೆಲಸಗಳನ್ನು ನೋಡಿದರೆ, ಅವರೂ ಹೊಂಗೆಯ ಜಾತಿಯವರೇ ಅನಿಸುತ್ತದೆ.

ನಮ್ಮೂರು ತಿ. ನರಸೀಪುರದ ಕಡೆ. ಅಲ್ಲಿ ಯುಗಾದಿ ದಿನ ಹೊನ್ನಾರು ಕಟ್ಟುತ್ತಿದ್ದರು. ಈಗಲೂ ಮೈಸೂರು, ಚಾಮರಾಜನಗರದ ಕಡೆ ಎಷ್ಟೋ ಊರುಗಳಲ್ಲಿ ಕಟ್ಟುತ್ತಾರೆ. ಎತ್ತು ತೊಳೆದು, ಕೊಂಬಿಗೆ ಬಣ್ಣ ಬಳಿದು, ನೊಗ ನೇಗಿಲಿಗೆ ಪೂಜೆ ಮಾಡಿ, ಊರೊಳಗೆ ಮೆರವಣಿಗೆ. ಯಾವ ಹೆಸರಿನವರು ಮೊದಲು ಆರು, ಅಂದರೆ ನೇಗಿಲು, ಕಟ್ಟಬೇಕು ಅಂತ ಪಂಚಾಂಗ ನೋಡಿ ಹೇಳುತ್ತಿದ್ದರು. ಆಮೇಲೆ ಹೊಲಕ್ಕೆ ಹೋಗಿ ನಾಲ್ಕು ಸಾಲು ಉಳುವುದು. ಹೊನ್ನಿನ ಆರು, ವರ್ಷದ ಮೊದಲ ಉಳುಮೆ. ನೆಲ ಕಲ್ಲಿನ ಹಾಗಿರುತ್ತಿತ್ತು. ನೇಗಿಲು ಇಳಿಯುತ್ತಿರಲಿಲ್ಲ, ಮೇಲೆ ಮೇಲೆ ಗೀರುತ್ತಿತ್ತು, ಧೂಳು ಏಳುತ್ತಿತ್ತು. ನಾನು ಏಳೆಂಟು ವರ್ಷದವನು. “ಅಪ್ಪ, ಮಳೆನೇ ಬಂದಿಲ್ಲ, ಈಗ್ಯಾಕ್ ಉಳೋದು?” ಅಂದೆ. ಅಪ್ಪ ಬೆವರು ಒರೆಸಿಕೊಂಡು, “ಬಂದ್ಮೇಲೆ ಎಲ್ರೂ ಉಳ್ತಾರೆ ಕಣ್ಲಾ” ಅಂದರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಗಾದೆ ಇದೆಯಲ್ಲ, ಆ ಭರಣಿ ಬರೋಕೆ ಏಪ್ರಿಲ್ ಕೊನೆ ಆಗಬೇಕು. ಅದಕ್ಕೆ ಒಂದು ತಿಂಗಳು ಮೊದಲೇ ನಮ್ಮಪ್ಪ ಧೂಳಲ್ಲಿ ಗೆರೆ ಎಳೆದಿದ್ದರು.

ಯುಗಾದಿಯ ಮಾರನೇ ದಿನ ಹೊಸತೊಡಕು. ವರ್ಷದ ತೊಡಕು ಅಂತಲೂ ಅಂತಾರೆ. ಅವತ್ತು ಬಾಡೂಟ. ಇಲ್ಲಿ ಅದನ್ನು ತಿನ್ನದವರು ಸುಮಾರು ಜನ ಇದ್ದೀರಿ. ನಾನು ಹೇಳೋಕೆ ಹೊರಟಿದ್ದು ಊಟದ ವಿಷಯ ಅಲ್ಲ, ಪಾಲಿನ ವಿಷಯ. ಹತ್ತಿಪ್ಪತ್ತು ಮನೆಯವರು ವರ್ಷ ಪೂರ್ತಿ ಚೀಟಿ ಹಾಕಿ ದುಡ್ಡು ಕೂಡಿಟ್ಟು, ಮರಿ ತಂದು, ಗುಡ್ಡೆ ಹಾಕಿ ಹಂಚಿಕೊಳ್ಳುವುದು. ಗುಡ್ಡೆ ಬಾಡು. ತೂಕದ ಕಲ್ಲು ಇಲ್ಲ, ತಕ್ಕಡಿ ಇಲ್ಲ. ಮುತ್ತುಗದ ಎಲೆಯ ಮೇಲೆ ಸಾಲಾಗಿ ಗುಡ್ಡೆ. ಮೂಳೆ, ಮೆತ್ತನೆಯದು, ಈಲಿ, ಎಲ್ಲದರಲ್ಲೂ ಒಂದೊಂದು ತುಂಡು ಎಲ್ಲ ಗುಡ್ಡೆಗೂ ಬೀಳಬೇಕು. ಹಾಕುವವನ ಕೈ ನೋಡಬೇಕು ನೀವು. ಒಂದು ಗುಡ್ಡೆ ದಪ್ಪ ಕಂಡರೆ ಚಿಟಿಕೆಯಷ್ಟು ತೆಗೆದು ಪಕ್ಕದ್ದಕ್ಕೆ ಹಾಕುತ್ತಿದ್ದ. ನಮ್ಮ ಬೀದಿಯ ಕೊನೆಯಲ್ಲಿ ಗಂಡ ಸತ್ತ ಒಬ್ಬ ಅಜ್ಜಿ ಇದ್ದರು. ಚೀಟಿ ಕಟ್ಟೋಕೆ ಅವರ ಹತ್ತಿರ ದುಡ್ಡಿರಲಿಲ್ಲ. ಇಪ್ಪತ್ತು ಮನೆ ಚೀಟಿ ಕಟ್ಟಿದ್ದರೂ ಗುಡ್ಡೆ ಬೀಳುತ್ತಿದ್ದುದು ಇಪ್ಪತ್ತೊಂದು. ನಾನು ಬೆರಳು ಮಡಚಿ ಎಣಿಸಿ, “ಒಂದು ಜಾಸ್ತಿ ಆಯ್ತು” ಅಂತ ಕೂಗಿದೆ. ಹಾಕುತ್ತಿದ್ದವನು ನನ್ನ ತಲೆಗೆ ಮೊಟಕಿ, “ಲೆಕ್ಕ ಸರಿಯಾಗಿ ಮಾಡ್ಲಾ” ಅಂದ. ಆ ಎಲೆ ಮಡಚಿ ನನ್ನ ಕೈಗೇ ಕೊಟ್ಟು ಅಜ್ಜಿ ಮನೆಗೆ ಕಳಿಸಿದ. ಅಜ್ಜಿ ಬಾಗಿಲಲ್ಲೇ ಕಾರ ಅರೆದಿಟ್ಟುಕೊಂಡು ಕೂತಿದ್ದರು. ಬಂದೇ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು.

ಇನ್ನು ನೀರಿನ ವಿಷಯಕ್ಕೆ ಬರುತ್ತೇನೆ. ಇವತ್ತು ಜಾಸ್ತಿ ಮಾತಾಡಬೇಕು ಅಂದುಕೊಂಡಿದ್ದು ಇದರ ಬಗ್ಗೇನೇ.

ಅರವಟ್ಟಿಗೆ ಅನ್ನುವ ಪದ ಕೇಳಿದ್ದೀರಾ? ಹಿರಿಯರು ತಲೆ ಆಡಿಸುತ್ತಿದ್ದೀರಿ, ಹುಡುಗರು ಮುಖ ನೋಡುತ್ತಿದ್ದೀರಿ. ದಾರಿಹೋಕರಿಗೆ ಬೇಸಿಗೆಯಲ್ಲಿ ನೀರು, ಮಜ್ಜಿಗೆ ಕೊಡುವ ಚಪ್ಪರ. ತುಂಬಾ ಹಳೆಯ ಪದ. ಹಳಗನ್ನಡದಲ್ಲಿ ‘ಅಱ’ ಅಂದರೆ ಧರ್ಮ, ಆ ಬೇರಿನ ವಾಸನೆ ಇದರಲ್ಲೂ ಇದೆ ಅಂತ ನನಗೆ ಅನಿಸುತ್ತದೆ. ವಿಜಯನಗರ ಕಾಲದ ಒಂದು ಶಾಸನದಲ್ಲಿ ತಾಯಿಯೊಬ್ಬಳು ಹಾಲೂಡುವಾಗಲೇ ಮಗನ ಕಿವಿಯಲ್ಲಿ ಕೆರೆ ಕಟ್ಟಿಸು, ಬಾವಿ ತೋಡಿಸು, ಸೆರೆಯಲ್ಲಿ ಸಿಕ್ಕಿಕೊಂಡ ಅನಾಥರನ್ನು ಬಿಡಿಸು ಅಂತ ಹೇಳಿದಳು ಅಂತಿದೆ. ಆ ಮಗ ದೊಡ್ಡವನಾಗಿ ಮಂತ್ರಿಯಾದ, ಲಕ್ಷ್ಮೀಧರಾಮಾತ್ಯ ಅಂತ ಹೆಸರು. ನಮ್ಮವ್ವ ನನ್ನ ಕಿವಿಯಲ್ಲಿ ಹೇಳುತ್ತಿದ್ದುದು “ಕಾಲ್ ತೊಳ್ಕಂಡು ಒಳಕ್ಕೆ ಬಾ” ಅಂತ. ಅದಕ್ಕೇ ನಾನು ಮಂತ್ರಿಯಾಗಲಿಲ್ಲ.

ಮೊನ್ನೆ ರಾಮನವಮಿಗೆ ನಮ್ಮ ಬೀದಿಯ ಹುಡುಗರು ಚಪ್ಪರ ಹಾಕಿದ್ದರು. ಬೆಳಿಗ್ಗೆ ಹತ್ತರಿಂದ ಪಾನಕ, ನೀರುಮಜ್ಜಿಗೆ, ಕೋಸಂಬರಿ. ಬಸ್ ನಿಲ್ಲಿಸಿ ಡ್ರೈವರ್, ಕಂಡಕ್ಟರ್‌ಗೆ ಕಿಟಕಿಯಲ್ಲೇ ಲೋಟ ಕೊಟ್ಟರು. ಹಿಂದೆ ಹಾರ್ನ್ ಹೊಡೆದ ಕಾರಿನವನಿಗೂ ಕೊಟ್ಟರು, ಅವನ ಸಿಟ್ಟು ಇಳಿಯಿತು. ಪಾನಕದಲ್ಲಿ ಏನಿದೆ? ಬೆಲ್ಲ, ನಿಂಬೆಹಣ್ಣು, ಏಲಕ್ಕಿ, ಶುಂಠಿ, ಒಂದಿಷ್ಟು ಕಾಳುಮೆಣಸು. ಬೆವರಿದವನಿಗೆ ಇದಕ್ಕಿಂತ ಒಳ್ಳೆಯದು ಬೇಕಾ? ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ, ಮಾವಿನಕಾಯಿ ತುರಿ, ಕಾಯಿತುರಿ ಹಾಕಿ ಒಂದು ಸಾಸಿವೆ ಒಗ್ಗರಣೆ. ಒಲೆ ಮುಂದೆ ಬೇಯುವ ಕೆಲಸ ಇಲ್ಲ. ಹಳೇ ಮೈಸೂರಿನ ಕಡೆ ಅವತ್ತು ಬೀಸಣಿಗೆಯನ್ನೂ ದಾನ ಕೊಡುತ್ತಿದ್ದರು. ಬಿಸಿಲಲ್ಲಿ ನಿಂತವನಿಗೆ ಏನು ಬೇಕು ಅಂತ ಗೊತ್ತಿದ್ದವರು ಮಾಡಿದ ಹಬ್ಬ ಇದು.

ಒಂದೇ ಒಂದು ತಕರಾರು. ಹಬ್ಬದ ದಿನ ಮೈಕ್ ಹಾಕಿ ಮುನ್ನೂರು ಲೀಟರ್ ಪಾನಕ ಹಂಚುತ್ತೇವೆ. ಮಾರನೇ ದಿನ ಅದೇ ಜಾಗದಲ್ಲಿ ಒಂದು ಲೋಟ ನೀರು ಸಿಗಲ್ಲ. ಬಿಸಿಲು ಮಾತ್ರ ಮಾರನೇ ದಿನವೂ ಇರುತ್ತದಲ್ಲ.

ಇದು ನನಗೆ ತಲೆಗೆ ಹೋದದ್ದು ನಾನೇ ಬಿದ್ದಾಗ. ಕೆಲವು ವರ್ಷದ ಹಿಂದೆ, ಏಪ್ರಿಲ್ ತಿಂಗಳು. ಯಾವುದೋ ಕಾಗದಕ್ಕೆ ಒಂದು ಕಚೇರಿಗೆ ಹೋಗಿದ್ದೆ. ಮೂರು ಗಂಟೆ ಸಾಲಲ್ಲಿ ನಿಂತೆ. ಮೂಲೆಯಲ್ಲಿ ನೀರಿನ ಯಂತ್ರ ಇತ್ತು. ಲೋಟ ಇತ್ತು, ಲೋಟಕ್ಕೆ ಸರಪಳಿಯೂ ಇತ್ತು, ನೀರು ಮಾತ್ರ ಇರಲಿಲ್ಲ. ಕಾಗದವೂ ಆಗಲಿಲ್ಲ, ನಾಳೆ ಬನ್ನಿ ಅಂದರು. ಹೊರಗೆ ಬಂದು ಬಸ್‌ಸ್ಟಾಪ್ ತನಕ ನಡೆಯುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಮರದ ಕೆಳಗೆ ತಳ್ಳುಗಾಡಿಯಲ್ಲಿ ಸೌತೆಕಾಯಿ ಮಾರುತ್ತಿದ್ದ ಹೆಂಗಸು, “ಬನ್ನಿ ಯಜಮಾನ್ರೇ, ಕೂತ್ಕಳಿ” ಅಂತ ತನ್ನ ಸ್ಟೂಲ್ ಬಿಟ್ಟುಕೊಟ್ಟರು. ಗಾಡಿಯ ಕೆಳಗಿನ ಗೋಣಿಯಿಂದ ಬಾಟಲಿ ತೆಗೆದರು. ಒದ್ದೆ ಬಟ್ಟೆ ಸುತ್ತಿದ ಒಂದು ಲೀಟರ್ ಬಾಟಲಿ, ಸಂಜೆ ತನಕ ಅವರಿಗೆ ಅದೇ ನೀರು. ನಾನು ಮುಕ್ಕಾಲು ಕುಡಿದುಬಿಟ್ಟೆ. ಕುಡಿದಾದ ಮೇಲೆ ಗೊತ್ತಾಯಿತು ಏನು ಮಾಡಿದೆ ಅಂತ. ನಾಚಿಕೆಯಾಗಿ ಐವತ್ತು ರೂಪಾಯಿ ತೆಗೆದೆ. ಅವರು ಒಂದು ಸೌತೆಕಾಯಿ ಉದ್ದಕ್ಕೆ ಸೀಳಿ, ಉಪ್ಪು ಕಾರ ಸವರಿ ಕೈಗಿಟ್ಟರು. ಸರಿಯಾಗಿ ನಲವತ್ತು ರೂಪಾಯಿ ಚಿಲ್ಲರೆ ವಾಪಸ್ ಕೊಟ್ಟರು. “ಸೌತೆಕಾಯಿಗೆ ಹತ್ತು. ನೀರಿಗೆ ಯಾರಾದ್ರೂ ದುಡ್ಡು ತಗತಾರಾ?”

ಮನೆಗೆ ಬಂದು ಮಾರನೇ ದಿನವೇ ಒಂದು ಮಡಕೆ ತಂದೆ. ಗೇಟಿನ ಪಕ್ಕ, ಹೊಂಗೆಯ ನೆರಳಿಗೆ ನಾಲ್ಕು ಇಟ್ಟಿಗೆ, ಅದರ ಮೇಲೆ ಮರಳು, ಮರಳ ಮೇಲೆ ಮಡಕೆ. ಮೇಲೊಂದು ಮುಚ್ಚಳ, ಹಿಡಿಯಿರುವ ಸೌಟು, ಒಂದು ಸ್ಟೀಲ್ ಲೋಟ. ಮೂರನೇ ದಿನ ಲೋಟ ಹೋಯಿತು. ಇನ್ನೊಂದು ಇಟ್ಟೆ, ಅದೂ ಹೋಯಿತು. ನನ್ನ ಹೆಂಡತಿ, “ಸರಪಳಿ ಹಾಕಿ” ಅಂದಳು. ಆ ಕಚೇರಿ ನೆನಪಾಗಿ ಮನಸ್ಸು ಒಪ್ಪಲಿಲ್ಲ. ಮೂರನೆಯದು ಇಟ್ಟೆ. ವಾರ ಬಿಟ್ಟು ನೋಡಿದರೆ ಎರಡು ಲೋಟ ಇವೆ! ಒಂದು ನನ್ನದು, ಇನ್ನೊಂದರ ಮೇಲೆ ಯಾರದೋ ಗೃಹಪ್ರವೇಶದ ಹೆಸರು ಕೊರೆದಿದೆ. ಯಾರು ತಂದಿಟ್ಟರೋ ಇವತ್ತಿಗೂ ಗೊತ್ತಿಲ್ಲ.

ಮಡಕೆ ಇಟ್ಟ ಮೇಲೆ ಬೀದಿಯಲ್ಲಿ ಯಾರು ಯಾರು ಓಡಾಡುತ್ತಾರೆ ಅಂತ ಮೊದಲ ಸಲ ನೋಡಿದೆ. ಊಟ ತಲುಪಿಸುವ ಹುಡುಗರು ಹೆಲ್ಮೆಟ್ ತೆಗೆಯದೆ ಬಾಟಲಿ ತುಂಬಿಸಿಕೊಂಡು ಓಡುತ್ತಾರೆ. ಮನೆಗೆಲಸದವರು ಎರಡು ಮನೆಗಳ ನಡುವೆ ಐದು ನಿಮಿಷ ಕೂತು ಹೋಗುತ್ತಾರೆ. ಹಕ್ಕಿಗೆ ಅಂತ ಪಕ್ಕದಲ್ಲೇ ಮಣ್ಣಿನ ತಟ್ಟೆ ಇಟ್ಟಿದ್ದೆ. ಅದರಲ್ಲಿ ದಿನಾ ನಾಲ್ಕೈದು ಜೇನುಹುಳ ಸತ್ತು ತೇಲುತ್ತಿದ್ದವು. ಸಸ್ಯಶಾಸ್ತ್ರದ ಮೇಷ್ಟ್ರಿಗೆ ಹೊಳೆಯಲಿಲ್ಲ. ಎದುರು ಮನೆಯ ಒಂಬತ್ತು ವರ್ಷದ ಹುಡುಗಿ ಬಂದು, “ಅಂಕಲ್, ಅವಕ್ಕೆ ಕೂರೋಕೆ ಜಾಗ ಇಲ್ಲ” ಅಂದು, ನಾಲ್ಕು ಬೆಣಚುಕಲ್ಲು, ಒಂದು ತೆಂಗಿನ ನಾರು ತಂದು ಹಾಕಿದಳು. ಮಾರನೇ ದಿನದಿಂದ ಒಂದೂ ಸಾಯಲಿಲ್ಲ. ಕಲ್ಲಿನ ಅಂಚಲ್ಲಿ ಸಾಲಾಗಿ ಕೂತು ನೀರು ಹೀರುತ್ತವೆ. ಹೊಟ್ಟೆ ಒಂದು ಲಯದಲ್ಲಿ ಮೇಲೆ ಕೆಳಗೆ ಆಡುತ್ತಿರುತ್ತದೆ. ಆಮೇಲೆ ಎದ್ದು ನೇರ ಹೊಂಗೆಗೆ. ಹೊಂಗೆ ಹೂ ಬಿಟ್ಟಾಗ ಮರದ ಕೆಳಗೆ ನಿಂತರೆ ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತ ಹಾಗೆ ಗುಂಯ್ ಅನ್ನುತ್ತದೆ. ಉದುರಿದ ಹೂ ನೆಲದ ಮೇಲೆ ಅರಳು ಚೆಲ್ಲಿದ ಹಾಗೆ ಬಿದ್ದಿರುತ್ತದೆ.

ಕಳೆದ ವರ್ಷ, 2025ರಲ್ಲಿ, ಮಾರ್ಚ್ ತಿಂಗಳು ಪೂರ್ತಿ ರಂಜಾನ್. ಒಬ್ಬ ಆಟೋದವರು ಮಧ್ಯಾಹ್ನ ಗಾಡಿಯನ್ನು ನಮ್ಮ ಹೊಂಗೆ ನೆರಳಿಗೆ ಹಾಕಿ ಮಲಗುತ್ತಿದ್ದರು. ಮಡಕೆ ಕೈಗೆಟುಕುವಷ್ಟು ಹತ್ತಿರ. ರೋಜಾ ಇದ್ದಿದ್ದರಿಂದ ಮುಟ್ಟುತ್ತಿರಲಿಲ್ಲ. ಒಂದು ದಿನ ನಾವು ಮದುವೆಗೆ ಹೋಗಿ ಸಂಜೆ ವಾಪಸ್ ಬಂದೆವು, ಮಡಕೆ ಖಾಲಿಯಾಗಿರುತ್ತದೆ ಅಂತ ಓಡಿಬಂದರೆ ತುಂಬಿದೆ. “ನಾನೇ ಎರಡು ಕ್ಯಾನ್ ತಂದು ಹಾಕಿದೆ ಸಾರ್, ಹುಡುಗ್ರು ಬಂದು ಮುಚ್ಚಳ ತೆಗ್ದು ತೆಗ್ದು ನೋಡಿ ಹೋಗ್ತಾ ಇದ್ರು” ಅಂದರು. ಬೆಳಿಗ್ಗೆಯಿಂದ ಅವರು ಗುಟುಕು ನೀರು ಕುಡಿದಿರಲಿಲ್ಲ.

ಆ ವರ್ಷದ ಯುಗಾದಿ ಮಾರ್ಚ್ 30ಕ್ಕೆ ಬಂದಿತ್ತು, ಭಾನುವಾರ. ಯುಗಾದಿ ಸಂಜೆ ಬಿದಿಗೆಯ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವ ರೂಢಿ ನಮ್ಮಲ್ಲಿದೆ. ಮಾರನೇ ದಿನ, 31ಕ್ಕೆ, ಈದ್. ಅಂದರೆ ಈದ್ ಗೊತ್ತುಮಾಡಿದ ಚಂದ್ರನೂ ಅದೇ, ಯುಗಾದಿಯ ಚಂದ್ರನೂ ಅದೇ. ಎರಡೂ ಚಂದ್ರನನ್ನು ನಂಬಿದ ಪಂಚಾಂಗ. ನಾವು ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಸೂರ್ಯನ ಜೊತೆ ಹೊಂದಿಸಿಕೊಳ್ಳುತ್ತೇವೆ. ಈ ವರ್ಷವೂ ಅಧಿಕ ಜ್ಯೇಷ್ಠ ಇದೆ. ಅವರು ಸೇರಿಸಲ್ಲ, ಹಾಗಾಗಿ ಅವರ ತಿಂಗಳು ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಎರಡೂ ಹಬ್ಬ ಹೀಗೆ ಒಂದೇ ಚಂದ್ರನ ಕೆಳಗೆ ಸೇರುವುದು ಕೆಲವೇ ವರ್ಷ, ಆಮೇಲೆ ಮತ್ತೆ ಮೂವತ್ತೆರಡು ಮೂವತ್ಮೂರು ವರ್ಷ ಕಾಯಬೇಕು. ಅವತ್ತು ನಾನು ಮಹಡಿ ಮೇಲೆ ಕಣ್ಣು ಕಿರಿದು ಮಾಡಿಕೊಂಡು ಹುಡುಕುತ್ತಿದ್ದೆ. ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕು ಅಡ್ಡ. ಕೆಳಗಿಂದ ಆಟೋದವರು ಕೂಗಿದರು, “ಸಾರ್, ಟ್ಯಾಂಕಿನ ಎಡಕ್ಕೆ ನೋಡಿ, ಎಡಕ್ಕೆ!” ಉಗುರಿನ ಅಂಚಿನಷ್ಟು ಇತ್ತು. ನನ್ನ ಹೆಂಡತಿ ಒಬ್ಬಟ್ಟು ಕಟ್ಟಿಕೊಟ್ಟಳು. ಮಾರನೇ ದಿನ ಅವರ ಮನೆಯಿಂದ ಶೀರ್ ಖುರ್ಮಾ ಬಂತು. ಡಬ್ಬಿ ಮಾತ್ರ ಅವರದು ಇನ್ನೂ ನಮ್ಮಲ್ಲೇ ಇದೆ, ಕೊಡಬೇಕು.

ಇನ್ನೇನು ಹುಣ್ಣಿಮೆ ಬಂತು, ಕರಗ. ನೋಡದವರು ಈ ಸಲ ಒಂದು ರಾತ್ರಿ ನಿದ್ದೆ ಕೆಟ್ಟು ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯ ಹತ್ತಿರ ಹೋಗಿ. ಈ ದಿನಗಳಲ್ಲಿ ದ್ರೌಪದಮ್ಮ ತನ್ನ ಮಕ್ಕಳಾದ ವೀರಕುಮಾರರ ಬಳಿ ಬಂದಿರುತ್ತಾಳೆ ಅಂತ ನಂಬಿಕೆ. ಪೂಜಾರಿ ಸೀರೆ ಉಟ್ಟು, ಬಳೆ ತೊಟ್ಟು, ಮಲ್ಲಿಗೆಯ ಕರಗವನ್ನು ತಲೆ ಮೇಲೆ ಹೊತ್ತು ಬರುತ್ತಾರೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಇದನ್ನು ನಡೆಸುವ ತಿಗಳರು ತೋಟದ ಜನ. ಈ ಊರಿಗೆ ಸೊಪ್ಪು, ತರಕಾರಿ, ಹೂ ಬೆಳೆದುಕೊಟ್ಟವರು. ಹಸಿ ಕರಗ, ಅಂದರೆ ಹಸಿ ಮಣ್ಣಿನ ಕರಗ, ಹುಟ್ಟುತ್ತಿದ್ದುದು ಸಂಪಂಗಿ ಕೆರೆಯಲ್ಲಿ. ಆ ಕೆರೆ ಈಗ ಕಂಠೀರವ ಕ್ರೀಡಾಂಗಣ. ಪಕ್ಕದಲ್ಲಿ ಸಣ್ಣ ಕಲ್ಯಾಣಿಯಷ್ಟು ನೀರು ಉಳಿದಿದೆ, ಅಲ್ಲಿಗೇ ಈಗಲೂ ಹೋಗುತ್ತಾರೆ. ಕರಗ ಊರು ಸುತ್ತುವಾಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಹೋಗುತ್ತದೆ. 2022ರಲ್ಲಿ ಕೆಲವರು ಇದಕ್ಕೆ ತಕರಾರು ತೆಗೆದರು. ಗುಡಿಯವರು ಹಿಂದಿನಿಂದ ಬಂದದ್ದನ್ನು ಬಿಡಲ್ಲ ಅಂದರು, ಬಿಡಲಿಲ್ಲ. ಅದರ ಬಗ್ಗೆ ನಾನು ಇನ್ನೂ ಭಾಷಣ ಮಾಡಬಹುದು, ಮಾಡಲ್ಲ. ಬೆಳಗಿನ ಜಾವ ಕಾಲು ಸೋತು ಜಗಲಿ ಮೇಲೆ ಕೂತಾಗ ಯಾರೋ ಕೈಗೆ ಮಜ್ಜಿಗೆ ಕೊಡುತ್ತಾರೆ. ಯಾರ ಮನೆಯದು, ಯಾರ ಹರಕೆಯದು, ಕೇಳುವಷ್ಟರಲ್ಲಿ ಅವರು ಮುಂದಿನವರಿಗೆ ಕೊಡುತ್ತಿರುತ್ತಾರೆ.

ಕೊನೆಗೆ ಸಾಲುಮರದ ತಿಮ್ಮಕ್ಕನ ವಿಷಯ. ಕಳೆದ ನವೆಂಬರ್‌ನಲ್ಲಿ ಹೋದರು. ಹುಲಿಕಲ್‌ನಿಂದ ಕುದೂರಿನ ತನಕ 385 ಆಲದ ಮರ. ಸಂಖ್ಯೆ ಎಲ್ಲರಿಗೂ ಬಾಯಿಪಾಠ. ನಾನು ಯೋಚನೆ ಮಾಡುವುದು ಬೇರೆ. ಮೊದಲ ವರ್ಷ ನೆಟ್ಟಿದ್ದು ಬರೀ ಹತ್ತು. ಆಮೇಲೆ ಹದಿನೈದು, ಇಪ್ಪತ್ತು. ಮಳೆಗಾಲದಲ್ಲಿ ನೆಡುವುದು ಸುಲಭ. ಫೆಬ್ರವರಿಯಿಂದ ಮೇ ತನಕ ಅವನ್ನು ಉಳಿಸಿಕೊಳ್ಳುವುದು ಇದೆಯಲ್ಲ, ಅಲ್ಲಿರೋದು ಕಷ್ಟ. ಗಂಡ ಚಿಕ್ಕಯ್ಯ, ಅವರು, ಇಬ್ಬರೂ ಕೂಲಿ ಮಾಡುವವರು. ಕೂಲಿಯ ಜೊತೆಗೆ ಬಿಂದಿಗೆಯಲ್ಲಿ ನೀರು ಹೊತ್ತುಕೊಂಡು ಮೈಲಿಗಟ್ಟಲೆ ನಡೆಯುತ್ತಿದ್ದರು, ದನ ಮೇಯದ ಹಾಗೆ ಮುಳ್ಳುಬೇಲಿ ಕಟ್ಟುತ್ತಿದ್ದರು. ಆಲ ನೆರಳು ಕೊಡುವಷ್ಟು ಬೆಳೆಯೋಕೆ ಎಷ್ಟು ವರ್ಷ ಬೇಕು ಅಂತ ಹಳ್ಳಿಯವರಿಗೆ ಹೇಳಿಕೊಡಬೇಕಾ? ಆ ರಸ್ತೆಯಲ್ಲಿ ನಾನೊಮ್ಮೆ ಏಪ್ರಿಲ್‌ನಲ್ಲಿ ಹೋಗಿದ್ದೆ. ಬಸ್ಸಿನ ಕಿಟಕಿಯಿಂದ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಮರಗಳ ಸಾಲು ಶುರುವಾದ ಕೂಡಲೇ ಗಾಳಿ ಬದಲಾಯಿತು. ನಿದ್ದೆ ಮಾಡುತ್ತಿದ್ದವರೂ ಕಣ್ಣು ಬಿಟ್ಟರು. ಪಕ್ಕದ ಸೀಟಿನವರು, “ತಿಮ್ಮಕ್ಕನ್ ಮರ ಬಂತು” ಅಂದು, ಬಿಚ್ಚಿದ್ದ ಅಂಗಿ ಗುಂಡಿ ಹಾಕಿಕೊಂಡರು.

ನನ್ನ ಮಾತು ಇಷ್ಟೇ. ಏನಾದರೂ ಕೇಳುವುದಿದ್ದರೆ ಕೇಳಿ.

(ಒಬ್ಬ ತಾಯಿ ಎದ್ದು, “ಮಡಕೆ ಇಟ್ಟರೆ ಸೊಳ್ಳೆ ಆಗಲ್ವಾ? ಡೆಂಗಿ ಬೇರೆ” ಎಂದು ಕೇಳಿದರು.)

ಒಳ್ಳೆ ಪ್ರಶ್ನೆ. ಆಗುತ್ತದೆ, ನೀರು ಹಾಗೇ ಬಿಟ್ಟರೆ. ಮುಚ್ಚಳ ಇರಲಿ, ಮೇಲೊಂದು ತೆಳು ಬಟ್ಟೆ ಕಟ್ಟಿ. ರಾತ್ರಿ ಉಳಿದ ನೀರನ್ನು ಮರದ ಬುಡಕ್ಕೆ ಸುರಿದು, ಮಡಕೆ ಬೋರಲು ಹಾಕಿ. ಬೆಳಿಗ್ಗೆ ತೊಳೆದು ಹೊಸ ನೀರು. ಹಕ್ಕಿಯ ತಟ್ಟೆಯನ್ನೂ ದಿನಾ ಉಜ್ಜಬೇಕು. ಮಡಕೆ ಹೊಸದಾದರೆ ಒಂದು ದಿನ ಪೂರ್ತಿ ನೀರಲ್ಲಿ ನೆನೆಸಿ, ಇಲ್ಲದಿದ್ದರೆ ಮಣ್ಣಿನ ವಾಸನೆ ಬರುತ್ತದೆ. ಹೊರಗೆ ಪೇಂಟ್ ಹೊಡೆದದ್ದು ತರಬೇಡಿ. ನೋಡೋಕೆ ಚೆಂದ, ಆದರೆ ಮಡಕೆ ಬೆವರಬೇಕು, ಬೆವರಿದರೇ ನೀರು ತಣ್ಣಗಾಗೋದು.

(“ಲೋಟ ಕಳೆದುಹೋದರೆ?” ಎಂದು ಹಿಂದಿನಿಂದ ಯಾರೋ ಕೇಳಿದರು.)

ಎರಡು ಹೋಗುತ್ತವೆ. ಮೂರನೆಯದು ಇಡಿ.

ಪಾನಕ ತಯಾರಿದೆಯಂತೆ, ಬಾಗಿಲ ಹತ್ತಿರ. ಎಪ್ಪತ್ತು ಜನ ಬರುತ್ತಾರೆ ಅಂತ ಎಪ್ಪತ್ತು ಲೋಟ ತಂದಿದ್ದಾರೆ, ಎಣಿಸಿದರೆ ಇನ್ನೂ ಹತ್ತು ಹನ್ನೆರಡು ಬೇಕು. ಟ್ಯುಲಿಪ್ ಹಾಕಿದ ಹುಡುಗ ಎಲ್ಲಿ? ನಮ್ಮ ಮನೆ ಗೊತ್ತಲ್ಲಪ್ಪ, ಆ ಹೊಂಗೆ ಮರದ ಎದುರಿನದು. ಒಳಗೆ ಆಂಟಿಗೆ ಹೇಳಿ ಲೋಟ ಇಸ್ಕೊಂಡು ಬಾ. ಬರುವಾಗ ಹಂಗೇ ಮಡಕೆ ಮುಚ್ಚಳ ಎತ್ತಿ ಒಂದು ಸಲ ನೋಡು, ನೀರು ತಳಕ್ಕೆ ಹೋಗಿರಬಹುದು.